ಮಗನ ಪಕ್ಕದ ಜಾಗ

“ಹಿಂದಿನವರು ತಳ್ಳಿ ಹಿಡೀರಪ್ಪಾ, ಕೆಳಕ್ಕೆ ಜಾರ್ತಿದೆ!” ಎಂದು ಮುಂದೆ ಹೋಗುತ್ತಿದ್ದ ಕ್ಲೇಬರ್ ಕೂಗಿದ.

ಸರ್ಕಾರಿ ಗೌರವಕ್ಕೆಂದು ಕಳಿಸಿದ ಅಗ್ನಿಶಾಮಕ ದಳದ ಲಾರಿ ಶವಪೆಟ್ಟಿಗೆಯನ್ನು ಕಾಜಾ ಗುಡ್ಡದ ಬುಡಕ್ಕೆ ತಂದು ನಿಂತುಬಿಟ್ಟಿತ್ತು. ಅಲ್ಲಿಂದ ಮೇಲಕ್ಕೆ ಬರೀ ಮೆಟ್ಟಿಲು, ಅದೂ ಅರ್ಧ ಕೆಸರಿನಲ್ಲಿ ಹೂತದ್ದು. ಬ್ರೆಜಿಲ್ ಬಾವುಟ ಹೊದಿಸಿದ ಪೆಟ್ಟಿಗೆಯನ್ನು ಕೋಟು ತೊಟ್ಟ ಆರು ಜನ ಕೌನ್ಸಿಲರುಗಳು ಏದುಸಿರು ಬಿಡುತ್ತ ಹೊತ್ತಿದ್ದರು. ಒಳಗಿದ್ದವನು ಒದಿಲೋನ್ ಫರಿಯಾ, ನಗರಸಭೆಗೆ ಐದು ಸಲ ಗೆದ್ದವನು. ನಿನ್ನೆ ಸಭೆಯ ನಡುವೆ, ಕಾಫಿ ಲೋಟ ಕೈಯಲ್ಲಿದ್ದಂತೆಯೇ ಅವನ ಎದೆಬಡಿತ ನಿಂತಿತ್ತು. ಅವನ ಕುರ್ಚಿಗೆ ಬರಬೇಕಾದವನು ಕ್ಲೇಬರ್.

ಮೆಟ್ಟಿಲಿನ ಎರಡೂ ಬದಿಗೆ ಗುಡ್ಡದ ಜನ ನಿಂತಿದ್ದರು. ಯಾರೂ ಹೆಗಲು ಕೊಡಲಿಲ್ಲ. ಯಾರೂ ಬಯ್ಯಲೂ ಇಲ್ಲ.

“ಇವ್ರಿಗೆ ನಲ್ಲಿ ನೀರು ತಂದ್ಕೊಟ್ಟಿದ್ದು ಯಾರಂತೆ?” ಕ್ಲೇಬರ್ ಗೊಣಗಿದ.

“ಅವ್ರೇ ತಂದ್ರು ಸ್ವಾಮಿ,” ಎಂದಳು ಬಾಗಿಲಲ್ಲಿದ್ದ ಮುದುಕಿ. “ಆ ನೀರಲ್ಲೇ ನಮ್ಮ ಹೆಣಗಳ್ನ ತೊಳೆದ್ವಿ.”

ನೆತ್ತಿಯ ಸ್ಮಶಾನದಲ್ಲಿ ಗೋರಿ ತೋಡುವ ಬೆನೆದಿತು ಟೋಪಿ ತೆಗೆದು ನಿಂತಿದ್ದ. ಒದಿಲೋನನ ಹೆಂಡತಿ ನೆಯ್ದೆಯ ಮುಖ ನೋಡದೆ ಹೇಳಿದ: “ನಿಮ್ಮತ್ತೆಯವರ ಪಕ್ಕ ಒಂದು ಗೇಣು ಜಾಗಾನೂ ಇಲ್ಲಮ್ಮ. ಗುಡ್ಡ ಕುಸಿದ ವರ್ಷ ಎಲ್ಲಾ ತುಂಬೋಯ್ತು. ಮೊದ್ಲೇ ಯಾರಾದ್ರೂ ಹತ್ತಿ ಬಂದು ಕೇಳಿದ್ರೆ ಹೇಳ್ತಿದ್ದೆ. ಖಾಲಿ ಇರೋದು ಒಂದೇ, ವಾಗ್ನೆರ್ ಗೋರಿ ಪಕ್ಕದ್ದು. ಅದನ್ನ ಅವನ ತಾಯಿ ತನಗೇಂತ ಇಟ್ಕೊಂಡಿದ್ದಾಳೆ.”

ವಾಗ್ನೆರನ ತಾಯಿ ಜುಲ್ಮೀರಾ ಅಲ್ಲೇ ಇದ್ದಳು. ಒದಿಲೋನನ ಒಡಹುಟ್ಟಿದ ತಂಗಿ. ಅಣ್ಣನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

*

ಒದಿಲೋನನಿಗೆ ಮೂರನೆಯ ಚುನಾವಣೆ ಎದುರಿಗಿದ್ದಾಗ ಜುಲ್ಮೀರಾ ಜೋಳದ ಎಲೆಯಲ್ಲಿ ಬೇಯಿಸಿದ ಕಡುಬು ಹಿಡಿದು ಅವನ ಮನೆಗೆ ಹೋಗಿದ್ದಳು.

“ಅಣ್ಣಾ, ವಾಗ್ನೆರ್‌ಗೆ ಮದುವೆ ಗೊತ್ತಾಗಿದೆ. ಮೇಲಿನ ಇಳಿಜಾರಲ್ಲಿ ಸೈಟು ಹಂಚ್ತೀರಂತಲ್ಲ, ಅವನಿಗೂ ಒಂದು ಕೊಡ್ಸು.”

ಹಿಂದಿನ ದಿನವಷ್ಟೇ ನಗರಸಭೆಯ ಎಂಜಿನಿಯರ್ ಒದಿಲೋನನನ್ನು ಪಕ್ಕಕ್ಕೆ ಕರೆದು, ಆ ಮಣ್ಣು ದೊಡ್ಡ ಮಳೆಗೆ ನಿಲ್ಲುವುದಿಲ್ಲ ಎಂದಿದ್ದ. ಆದರೆ ಅಲ್ಲೇಳುವ ಪ್ರತಿ ಮನೆಯೂ ಓಟು. ಒದಿಲೋನ್ ತಲೆಯೆತ್ತದೆ ಕಡುಬಿನ ಎಲೆ ಬಿಡಿಸತೊಡಗಿದ.

“ಯಾಕಣ್ಣಾ, ಊರಿಗೆಲ್ಲ ಕೊಡೋನು ನನ್ನ ಮಗನಿಗೆ ಕೊಡಲ್ವಾ?”

“ಕೊಡದೆ ಇರ್ತೀನೇನೇ ಹುಚ್ಚಿ,” ಎಂದು ನಕ್ಕ. ಮರುದಿನ ಸಭೆಯಲ್ಲಿ ಸೈಟು ಹಂಚುವ ಪರವಾಗಿ ಎಲ್ಲರಿಗಿಂತ ಮೊದಲು ಕೈ ಎತ್ತಿದ.

ಎರಡನೆಯ ಮಳೆಗಾಲದಲ್ಲಿ ಇಳಿಜಾರು ಕೆಳಗೆ ಬಂತು. ವಾಗ್ನೆರ್ ಮತ್ತು ಅವನ ಹೆಂಡತಿಯನ್ನು ಒಟ್ಟಿಗೇ ಅಗೆದು ತೆಗೆದರು. ಎಂಜಿನಿಯರನ ಮಾತು ಕಿವಿಗೆ ಬಿದ್ದ ದಿನ ಜುಲ್ಮೀರಾ ಅಣ್ಣನೆದುರು ನಿಂತು, “ಗೊತ್ತಿತ್ತಾ?” ಎಂದಷ್ಟೇ ಕೇಳಿದಳು. ಅವನು ತಲೆ ತಗ್ಗಿಸಿದ. ಆಮೇಲೂ ಗೆದ್ದ, ಬೇರೆ ಬಡಾವಣೆಗಳ ಓಟಿನಲ್ಲಿ. ಗುಡ್ಡ ಹತ್ತಲಿಲ್ಲ.

*

“ಜುಲ್ಮೀರಾ,” ನೆಯ್ದೆ ಹತ್ತಿರ ಬಂದಳು. “ಅಮ್ಮ ಇರೋ ಕಡೆ ಮಣ್ಣು ಮಾಡಿ ಅಂತಿದ್ರು. ಬೇಡ್ಕೋತೀನಿ ಕಣೇ.”

“ಆಗಲ್ಲ ಅತ್ತಿಗೆ.”

“ಸತ್ತವರ ಮೇಲೂ ಹಗೆಯೇನೇ?”

“ಹಗೆ ಅಲ್ಲ. ನಾನು ಕೇಳ್ದೆ, ಅವನು ಕೊಟ್ಟ. ಮಗನ ಪಕ್ಕ ಮಲಗಿ ಅದನ್ನ ಹೇಳ್ಕೋಬೇಕಾದವಳು ನಾನು. ಆ ಜಾಗ ಬಿಡಲ್ಲ.”

ನೆಯ್ದೆ ಪೆಟ್ಟಿಗೆಯ ಕಡೆ ತಿರುಗಿದಳು.

ಕ್ಲೇಬರ್ ಗಡಿಯಾರ ನೋಡಿದ. “ಪೇಟೆ ಸ್ಮಶಾನದ ಗೋಡೇಲಿ ಪೆಟ್ಟಿಗೆ ಇಟ್ಟು ಮುಚ್ಚೋ ಗೂಡೊಂದು ಖಾಲಿ ಇದೆ. ಕತ್ತಲಾಗೋದ್ರೊಳಗೆ ಇಳಿಸೋಣ.”

ಪೆಟ್ಟಿಗೆ ಮತ್ತೆ ಎದ್ದಿತು. ಇಳಿಯುವಾಗ ಭಾರವೆಲ್ಲ ಮುಂದಿನವರ ಮೇಲೆ. ದಪ್ಪ ಕೌನ್ಸಿಲರೊಬ್ಬ ಕಾಲು ತಪ್ಪಿ ಕುಂಡೆಯೂರಿ ಕೂತ. ಪೆಟ್ಟಿಗೆಯ ಮೂಲೆ ಕಲ್ಲಿಗೆ ಬಡಿಯಿತು. ಒಳಗೆ ಮೈ ಸರಿದ ಸದ್ದಾಯಿತು. ಗುಡ್ಡದವರು ನೋಡುತ್ತಲೇ ನಿಂತರು.

ಜುಲ್ಮೀರಾ ಚಪ್ಪಲಿ ಬಿಟ್ಟಳು. ಇಳಿದು ಬಂದು ಆ ಮೂಲೆಯ ಕೆಳಗೆ ಹೆಗಲು ಕೊಟ್ಟಳು. ಗಿಡ್ಡ ಹೆಂಗಸು, ಪೆಟ್ಟಿಗೆ ಅವಳ ಕಡೆಗೆ ವಾಲಿತು, ಅಣ್ಣನ ಭಾರ ಪೂರ್ತಿ ಅವಳತ್ತಲೇ ಜರುಗಿತು. ಬರಿಗಾಲಿನ ಬೆರಳುಗಳನ್ನು ಕೆಸರಿಗೆ ಊರಿ ಊರಿ, ಅವಳು ಒಂದೊಂದೇ ಮೆಟ್ಟಿಲು ಇಳಿದಳು.