ನಲವತ್ತೈದು ಪಾಠಗಳ ಸಾಕ್ಷಿ

ನಾನು ಒಂದು ಪಾಠ ಯೋಜನೆಯ ಪುಸ್ತಕ. ಕಥೆ ಪುಸ್ತಕವಲ್ಲ, ಪಠ್ಯಪುಸ್ತಕವೂ ಅಲ್ಲ. ಬಿ.ಎಡ್. ಓದುವವರು ಶಾಲೆಗೆ ಹೋಗಿ ಪಾಠ ಮಾಡಿ ಕಲಿಯಬೇಕಲ್ಲ, ಆಗ ಇವತ್ತು ಏನು ಹೇಳುತ್ತೇನೆ, ಯಾವ ಪ್ರಶ್ನೆ ಕೇಳುತ್ತೇನೆ, ಹಲಗೆಯ ಮೇಲೆ ಏನು ಬರೆಯುತ್ತೇನೆ ಎಂದು ಮೊದಲೇ ಬರೆದಿಟ್ಟುಕೊಳ್ಳುವ ದಪ್ಪ ರಟ್ಟಿನ ಪುಸ್ತಕ. ಹುಟ್ಟಿದ್ದು ಗದಗಿನ ಒಂದು ಛಾಪಖಾನೆಯಲ್ಲಿ. ಅಲ್ಲಿ ಲಗ್ನಪತ್ರಿಕೆಗಳು, ಗೋಡೆ ಕ್ಯಾಲೆಂಡರುಗಳು, ನಾನು, ಎಲ್ಲರೂ ಒಂದೇ ಯಂತ್ರದಿಂದ ಬಂದವರು. ಲಗ್ನಪತ್ರಿಕೆಗೆ ಬಂಗಾರದ ಅಂಚು ಬಂತು, ನನಗೆ ಕೆಂಪು ಬಟ್ಟೆಯ ಬೆನ್ನು. ಆ ಪತ್ರಿಕೆಗೆ ಬಹಳ ಬಿಂಕವಿತ್ತು. ಅದರ ಬಾಳು ಹದಿನೈದು ದಿನ. ನಾನು ಹತ್ತೊಂಬತ್ತು ವರ್ಷದಿಂದ ಇದ್ದೇನೆ.

ನನ್ನನ್ನು ಮೊದಲು ಕೊಂಡವಳು ನೀಲಾಂಬಿಕಾ ಯಾವಗಲ್. ಆಗ ಅವಳಿಗೆ ಇಪ್ಪತ್ತೆರಡು ವರ್ಷ, ಗಣಿತದವಳು. ಅಂಗಡಿಯಲ್ಲಿ ನನ್ನ ಹಾಳೆಯನ್ನು ಬೆರಳಿನಿಂದ ಉಜ್ಜಿ, ಇಂಕು ಹರಡುವುದಿಲ್ಲ ಎಂದು ಖಾತ್ರಿಯಾದ ಮೇಲೇ ತೆಗೆದುಕೊಂಡಳು. ಅಕ್ಷರ ಮುತ್ತಿನಂಥದು. ನನ್ನ ಪ್ರತಿ ಪಾಠದ ಹಾಳೆಯ ತಲೆಯ ಮೇಲೆ ಹೆಸರು, ತಾರೀಖು, ತರಗತಿ, ವಿಷಯ. ಕೆಳಗೆ ಮಾರ್ಗದರ್ಶಕರ ಅಭಿಪ್ರಾಯಕ್ಕೆ ನಾಲ್ಕು ಗೆರೆಯ ಜಾಗ. ಆ ನಾಲ್ಕು ಗೆರೆಯ ಯಜಮಾನರು ಇನಾಮದಾರ ಸರ್.

ಪಾಠ ಮಾಡಬೇಕಾದ ಹೈಸ್ಕೂಲು ಬೆಟಗೇರಿಯಲ್ಲಿ, ನೇಕಾರರ ಓಣಿಯ ಪಕ್ಕದಲ್ಲಿತ್ತು. ಕಿಟಕಿಯ ಆಚೆ ಇಡೀ ದಿನ ಮಗ್ಗದ ಸದ್ದು. ಇನಾಮದಾರ ಸರ್ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದರು, ಹಸಿರು ಶಾಯಿಯಲ್ಲಿ ಬರೆಯುತ್ತಿದ್ದರು. ಮೊದಲ ಪಾಠದ ಕೆಳಗೆ, "ಧ್ವನಿ ಸಾಲದು. ಮಗ್ಗ ಗೆದ್ದಿತು" ಎಂದು ಬರೆದರು. ನೀಲಾಂಬಿಕಾ ಅದನ್ನು ಓದಿ ಶಾಲೆಯ ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದಳು. ಆರನೆಯ ಪಾಠಕ್ಕೆ, "ಮಗ್ಗಕ್ಕೂ ತಮಗೂ ಸಮ." ಹದಿಮೂರನೆಯದಕ್ಕೆ, "ಇಂದು ಮಗ್ಗ ಕೇಳಿಸಲಿಲ್ಲ." ನಲವತ್ತು ಪಾಠ, ಮೇಲೆ ಐದು ವಿಮರ್ಶಾ ಪಾಠ, ದಿನಕ್ಕೆ ಒಂದರಂತೆ ನಲವತ್ತೈದು ದಿನ. ಕೊನೆಯ ದಿನ ಅವರು ಬರೆದದ್ದು ಇಷ್ಟೇ: "ಇನ್ನು ನಾನು ಹಿಂದಿನ ಬೆಂಚಿನಲ್ಲಿ ಕೂಡಬೇಕಾದ ಅಗತ್ಯವಿಲ್ಲ." ಅವತ್ತು ನನಗೆ ಆದ ಖುಷಿ ಅವಳಿಗೆ ಆದದ್ದಕ್ಕಿಂತ ಕಡಿಮೆಯದಲ್ಲ.

ಪರೀಕ್ಷೆ ಮುಗಿದ ಮೇಲೆ ಪುಸ್ತಕವನ್ನು ಕಿರಿಯರಿಗೆ ದಾಟಿಸುವುದು ಬಿ.ಎಡ್. ಕಾಲೇಜುಗಳ ರೂಢಿ. ಕಿರಿಯರು ನೋಡಿ ನಕಲು ಮಾಡುತ್ತಾರೆ, ಗುರುಗಳಿಗೂ ಅದು ಗೊತ್ತು, ಯಾರೂ ಮಾತಾಡುವುದಿಲ್ಲ. ಕೊಡದಿದ್ದವರನ್ನು ಜಿಪುಣರು ಅನ್ನುತ್ತಾರೆ. ನೀಲಾಂಬಿಕಾ ಒಂದು ಕ್ಷಣವೂ ಯೋಚಿಸದೆ ನನ್ನನ್ನು ಮಹಾಂತೇಶ ಎಂಬ ಹುಡುಗನ ಕೈಗೆ ಕೊಟ್ಟಳು. ಮಹಾಂತೇಶ ಮಿರ್ಚಿ ಭಜಿ ತಿನ್ನುತ್ತ ನಕಲು ಮಾಡುವವನು. ನನ್ನ ಹತ್ತೊಂಬತ್ತನೆಯ ಪಾಠದ ಮೇಲೆ ಇವತ್ತಿಗೂ ಎಣ್ಣೆಯ ಕಲೆ ಇದೆ. ಲೆಕ್ಕದಲ್ಲಿ ನೀಲಾಂಬಿಕಾ ಮಾವಿನಹಣ್ಣು ಎಂದು ಬರೆದಲ್ಲೆಲ್ಲ ಪೇರಲಹಣ್ಣು ಎಂದು ಬರೆದುಕೊಂಡು, ಪಾಠ ತನ್ನದೇ ಆಯಿತೆಂದು ನಂಬಿದ. ಒಳ್ಳೆಯ ಹುಡುಗ. ವರ್ಷ ಮುಗಿದ ಮೇಲೆ ಅವನು ನನ್ನನ್ನು ಸಾವಕ್ಕ ಎಂಬುವಳಿಗೆ ಕೊಟ್ಟ.

ಸಾವಕ್ಕ ರೋಣದ ಕಡೆಯ ಹಳ್ಳಿಯವಳು. ಪಾಠ ಮಾಡಬೇಕಾದ ತಿಂಗಳುಗಳಲ್ಲೇ ಅವಳಿಗೆ ಹೆರಿಗೆಯಾಯಿತು. ಒಂದು ದಿನವೂ ಶಾಲೆಗೆ ಹೋಗಲಾಗಲಿಲ್ಲ. ಪುಸ್ತಕ ಒಪ್ಪಿಸುವ ದಿನ ಹತ್ತಿರ ಬಂದಾಗ ನಕಲು ಮಾಡಲೂ ಅವಳಿಗೆ ಪುರಸೊತ್ತಿರಲಿಲ್ಲ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಒಂದು ಬಾಟಲಿ ವೈಟ್ನರ್ ತೆರೆದು, ಮೂರು ಮಧ್ಯಾಹ್ನಗಳಲ್ಲಿ ನನ್ನ ಹಾಳೆಗಳ ಮೇಲಿದ್ದ ನೀಲಾಂಬಿಕಾಳ ಹೆಸರನ್ನೂ ತಾರೀಖುಗಳನ್ನೂ ಬಿಳಿ ಮಾಡಿ, ಮೇಲೆ ತನ್ನ ಹೆಸರು, ತನ್ನ ವರ್ಷದ ತಾರೀಖು ಬರೆದಳು. ರಟ್ಟಿಗೆ ಹೊಸ ಚೀಟಿ ಅಂಟಿಸಿದಳು. ಪರೀಕ್ಷಕರು ಚೀಟಿ ನೋಡಿದರು, ಹಾಳೆಯ ಮೂಲೆ ತಿರುವಿದರು, ಟಿಕ್ ಹಾಕಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವರ್ಷಗಟ್ಟಲೆ ಆ ವೈಟ್ನರ್ ವಾಸನೆ ನನ್ನ ಮೈಬಿಟ್ಟು ಹೋಗಲಿಲ್ಲ.

ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಸಾವಕ್ಕ ನೇಮಕಾತಿ ಪರೀಕ್ಷೆ ಬರೆದು ಸರ್ಕಾರಿ ಹೈಸ್ಕೂಲಿನಲ್ಲಿ ಶಿಕ್ಷಕಿಯಾದಳು. ಮೊದಲ ವರ್ಷ ಪ್ರತಿ ದಿನ ಸಂಜೆ ಶಾಲೆ ಬಿಟ್ಟ ಮೇಲೆ ನನ್ನನ್ನು ತೆರೆದು, ಇನಾಮದಾರ ಸರ್ ನೀಲಾಂಬಿಕಾಳಿಗೆ ಬರೆದ ಮಾತುಗಳನ್ನು ತನಗೇ ಬರೆದಿದ್ದಾರೆ ಎನ್ನುವಂತೆ ಓದುತ್ತಿದ್ದಳು. "ಮಕ್ಕಳನ್ನು ಹೆಸರು ಹಿಡಿದು ಕರೆಯಿರಿ" ಎಂದಿದ್ದರೆ ಮರುದಿನ ಹಾಗೇ ಮಾಡುತ್ತಿದ್ದಳು. ಆ ಕಡೆ ಟೀಚರಮ್ಮನಿಗೆ ಬಾಯೇರು ಅನ್ನುತ್ತಾರೆ. ಎರಡು ವರ್ಷದಲ್ಲಿ ಆ ಊರಿನವರು ಲೆಕ್ಕದ ಬಾಯೇರು ಅಂದರೆ ಸಾವಕ್ಕ ಬಾಯೇರು ಅನ್ನತೊಡಗಿದರು. ಆಮೇಲೆ ನನ್ನನ್ನು ಕಪಾಟಿನ ಮೇಲಿಟ್ಟಳು, ನಾನು ಅಲ್ಲಿ ಧೂಳು ತಿನ್ನುತ್ತ ಕೂತೆ.

ಹೀಗೆ ಹತ್ತಕ್ಕೂ ಹೆಚ್ಚು ವರ್ಷ ಕಳೆದು, ಫೆಬ್ರುವರಿಯ ಒಂದು ಭಾನುವಾರ ಬಾಗಿಲಲ್ಲಿ ಪರಿಚಿತ ಧ್ವನಿ ಕೇಳಿತು. ನೀಲಾಂಬಿಕಾ! ಕನ್ನಡಕ ಬಂದಿತ್ತು, ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ಮಹಾಂತೇಶನಿಗೆ ಫೋನು ಮಾಡಿ, ಅವನಿಂದ ಸಾವಕ್ಕನ ವಿಳಾಸ ಪಡೆದು, ಎರಡು ಬಸ್ಸು ಬದಲಿಸಿ ನನ್ನನ್ನು ಹುಡುಕಿಕೊಂಡೇ ಬಂದಿದ್ದಳು.

"ಆಸ್ಟ್ರೇಲಿಯಾಕ್ಕ ಅರ್ಜಿ ಹಾಕೀನವ್ವಾ," ಎಂದಳು ಚಹಾ ಕುಡಿಯುತ್ತ. "ಅಲ್ಲಿ ಗಣಿತದ ಶಿಕ್ಷಕರು ಬೇಕಾಗ್ಯಾರಂತ. ವಯಸ್ಸಿಗಿಷ್ಟು, ಇಂಗ್ಲಿಷಿಗಿಷ್ಟು, ಡಿಗ್ರಿಗಿಷ್ಟು, ಅನುಭವಕ್ಕಿಷ್ಟು ಅಂತ ಪಾಯಿಂಟ್ ಹಾಕ್ತಾರ. ಹದಿನಾರು ವರ್ಷ ಹುಡುಗರಿಗೆ ಮಾರ್ಕ್ಸ್ ಹಾಕಿದೆ, ಈಗ ನನಗ ಹಾಕ್ಲಿಕ್ಕತ್ತಾರ."

"ಅಷ್ಟ ದೂರ ಯಾಕ್ರಿ ಅಕ್ಕಾರ?"

"ಇಲ್ಲಿ ಪ್ರೈವೇಟ್ ಸಾಲ್ಯಾಗ ಪ್ರತಿ ಏಪ್ರಿಲ್‌ದಾಗ ನನ್ನ ಬಿಡಸ್ತಾರ, ಜೂನ್‌ದಾಗ ಹೊಸಾ ಅರ್ಜಿ ಬರಕೊಂಡ ತಗೋತಾರ. ಹದಿನಾರು ಸಲ ಬರದೀನಿ. ಸರ್ಕಾರಿ ನೌಕರಿ ಎರಡ ಸಲ ಕೈಯಾಗ ಬಂದು ಹೋತು. ಎಲ್ಲೇರ ಒಂದ ಕಡೆ ಕಾಯಂ ಟೀಚರ್ ಅನ್ನಿಸ್ಕೋಬೇಕವ್ವಾ."

ಇಂಗ್ಲಿಷ್ ಪರೀಕ್ಷೆಯನ್ನು ಅವಳು ನಾಲ್ಕು ಸಲ ಬರೆದಿದ್ದಳಂತೆ. ಹೆಡ್‌ಫೋನಿನಲ್ಲಿ ಆ ಜನ ಮಾತಾಡುವುದು ಮೂಗಿನಿಂದಲೋ ಬಾಯಿಂದಲೋ ತಿಳಿಯುತ್ತಿರಲಿಲ್ಲವಂತೆ. ನಾಲ್ಕನೆಯ ಸಲ ಗೆದ್ದಳು. ಈಗ ಬೇಕಾದಷ್ಟು ಪಾಯಿಂಟ್ ಸರಿಯಾಗಿ ಕೂಡಿವೆ. ಆದರೆ ಜೂನ್ ಇಪ್ಪತ್ತೆರಡಕ್ಕೆ ಅವಳಿಗೆ ನಲವತ್ತು ತುಂಬುತ್ತದೆ, ತುಂಬಿದ ದಿನ ವಯಸ್ಸಿನ ಲೆಕ್ಕದಲ್ಲಿ ಹತ್ತು ಪಾಯಿಂಟ್ ಹೋಗುತ್ತವೆ. ಅಷ್ಟರೊಳಗೆ ಆ ದೇಶದ ಕರೆ ಬರದಿದ್ದರೆ ಎಲ್ಲ ಮುಗಿಯಿತು. ಉಳಿದದ್ದು ಒಂದೇ ಕಾಗದ: ಓದುವಾಗ ಮಾರ್ಗದರ್ಶಕರ ಎದುರು ನಲವತ್ತೈದು ದಿನ ಪಾಠ ಮಾಡಿದ್ದಾಳೆ ಎಂದು ಕಾಲೇಜು ಬರೆದುಕೊಡಬೇಕು. ಕಾಲೇಜು ಹೊಸ ಕಟ್ಟಡಕ್ಕೆ ಹೋಗುವಾಗ ಹಳೆಯ ದಾಖಲೆಗಳು ಕಳೆದುಹೋಗಿವೆ. ಇನಾಮದಾರ ಸರ್ ತೀರಿಕೊಂಡು ಆರು ವರ್ಷ. ತಾರೀಖು, ಸಹಿ ಇರುವ ಪುಸ್ತಕ ತಂದರೆ ಬರೆದುಕೊಡುತ್ತೇನೆ ಎಂದು ಈಗಿನ ಪ್ರಿನ್ಸಿಪಾಲರು ಹೇಳಿದ್ದರು.

ಸಾವಕ್ಕ ಕಪಾಟಿನ ಹತ್ತಿರ ಸ್ಟೂಲು ಎಳೆದಳು. ನನ್ನನ್ನು ಇಳಿಸಿ, ಸೆರಗಿನಿಂದ ಒರೆಸಿ ಕೊಟ್ಟಳು. ನೀಲಾಂಬಿಕಾ ಮೊದಲ ಹಾಳೆ ತೆರೆದಳು, ಎರಡನೆಯದು ತೆರೆದಳು, ಹತ್ತನೆಯದು ತೆರೆದಳು.

"ಕೂಸಿಗೆ ಹನ್ನೊಂದ ದಿನ ಆಗಿತ್ತ್ರಿ," ಎಂದಳು ಸಾವಕ್ಕ. "ನನ್ನ ತೆಲಿಗೆ ಬ್ಯಾರೆ ಏನೂ ಹೊಳೀಲಿಲ್ಲ."

ನೀಲಾಂಬಿಕಾ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇಬ್ಬರೂ ಬಾಗಿಲ ಬೆಳಕಿಗೆ ಕೂತು ಬ್ಲೇಡಿನಿಂದ ವೈಟ್ನರ್ ಕೆರೆಯಲು ನೋಡಿದರು. ಎರಡು ತಾರೀಖು ಕಂಡವು. ಮೂರನೆಯ ಹಾಳೆ ಹರಿಯಿತು. ನಾಲ್ಕನೆಯದರಲ್ಲಿ ಹಳೆಯ ಅಕ್ಷರ ವೈಟ್ನರ್ ಜೊತೆಗೇ ಎದ್ದು ಬಂತು. "ಸಾಕು ಬಿಡವ್ವಾ," ಎಂದು ನೀಲಾಂಬಿಕಾ ನನ್ನನ್ನು ಚೀಲಕ್ಕೆ ಹಾಕಿಕೊಂಡಳು.

ಮರುದಿನ ಪ್ರಿನ್ಸಿಪಾಲರು ನನ್ನನ್ನು ಬಹಳ ಹೊತ್ತು ತಿರುವಿ ನೋಡಿದರು. "ಪಾಠಾ ನಲವತ್ತೈದ ಅದಾವ, ಸಹೀನೂ ಅದಾವ. ಆದ್ರ ಹೆಸರ ಬ್ಯಾರೆ, ತಾರೀಖ ಬ್ಯಾರೆ. ನಾ ಇದನ್ನ ಯಾರದಂತ ಬರೀಲಿ ಬಾಯೇರ? ಈ ಸಾವಕ್ಕ ಯಾರು?"

ಹೇಳು, ಹೇಳಿಬಿಡು, ಎಂದು ನಾನು ಒಳಗೊಳಗೇ ಒದ್ದಾಡಿದೆ. ಒಂದು ವಾಕ್ಯ ಹೇಳಿದರೆ ಸಾಕಿತ್ತು. ನೀಲಾಂಬಿಕಾ ನನ್ನನ್ನು ಮುಚ್ಚಿದಳು. "ನಮ್ಮ ಜೂನಿಯರ್ ರೀ. ಏನೋ ಅದಲಬದಲ ಆಗೇದ," ಎಂದು ಎದ್ದು ಬಂದಳು. ಬಸ್ ನಿಲ್ದಾಣದಲ್ಲಿ ಸಾವಕ್ಕನ ಫೋನು ಬಂತು. "ಆಗಲಿಲ್ಲವ್ವಾ, ಹೆಸರ ಕೂಡೂದಿಲ್ಲ ಅಂದ್ರು. ನೀ ಏನ ಮನಸಿಗೆ ಹಚ್ಕೋಬ್ಯಾಡ," ಎಂದಳು ನೀಲಾಂಬಿಕಾ. ಅವಳ ಒಳ್ಳೆಯತನದ ಮೇಲೆ ನನಗೆ ಅವತ್ತು ವಿಪರೀತ ಸಿಟ್ಟು ಬಂದಿತ್ತು. ಹದಿನಾರು ಅರ್ಜಿ ಬರೆದವಳು ಹದಿನೇಳನೆಯದನ್ನು ಬರೆಯಲು ಹೊರಟಿದ್ದಳು.

ಮೂರು ದಿನದ ಮೇಲೆ ಸಾವಕ್ಕ ರಜೆ ಹಾಕಿ ಬಂದು, ನೀಲಾಂಬಿಕಾಳನ್ನು ಪುಸ್ತಕದ ಸಮೇತ ಮತ್ತೆ ಕಾಲೇಜಿಗೆ ಕರೆಸಿದಳು. ವರಾಂಡದಲ್ಲಿ ಇಬ್ಬರಿಗೂ ಜಗಳವೇ ಆಯಿತು.

"ಹುಚ್ಚಿ ಏನ ನೀ? ನೌಕರಿ ಹೋದ್ರ ಏನ ಮಾಡ್ತಿ?"

"ನಿಮ್ಮ ಪುಸ್ತಕಾ ಓದೇ ನಾ ಪಾಠಾ ಮಾಡೂದ ಕಲ್ತೀನ್ರಿ ಅಕ್ಕಾರ. ಇವತ್ತ ಬಾಯಿ ಮುಚ್ಕೊಂಡ ಕೂತ್ರ ನಾಳೆ ಆ ಹುಡುಗರ ಮುಂದ ಹೆಂಗ ನಿಂದ್ರಲಿ?"

ಒಳಗೆ ಹೋಗಿ ಸಾವಕ್ಕ ನಿಂತುಕೊಂಡೇ ಹೇಳಿದಳು: ಪುಸ್ತಕ ನನ್ನದಲ್ಲ, ಇವರದು, ಹೆಸರು ಬದಲಿಸಿದವಳು ನಾನು.

ಪ್ರಿನ್ಸಿಪಾಲರು ನಕ್ಕರು. "ನಕಲ ಎಲ್ಲಾರೂ ಮಾಡ್ತಾರವ್ವಾ. ಅದಿರ್ಲಿ, ನಿಮ್ಮ ವರ್ಷದ ಪಾಠಾ ನೀವ ಎಲ್ಲಿ ಮಾಡಿದ್ರಿ?"

ಇಲ್ಲಿ ಒಂದು ಸಣ್ಣ ಸುಳ್ಳು ಸಾಕಾಗಿತ್ತು. ಬೇರೆ ಶಾಲೆ, ಬೇರೆ ಪುಸ್ತಕ, ಕಳೆದುಹೋಗಿದೆ ಅಂದಿದ್ದರೆ ಮುಗಿಯುತ್ತಿತ್ತು. ಸಾವಕ್ಕ, "ಒಂದ ದಿನಾನೂ ಮಾಡಿಲ್ರಿ ಸರ್," ಎಂದಳು.

ಅವರ ನಗು ನಿಂತಿತು. ಒಂದು ಬಿಳಿ ಹಾಳೆ ಮುಂದೆ ಸರಿಸಿದರು. ಅವಳು ಹೇಳಿದ್ದನ್ನೆಲ್ಲ ಬರೆದು ಸಹಿ ಮಾಡಿದಳು. ಅವರು ಅದನ್ನು ನನ್ನ ಹಿಂದಿನ ರಟ್ಟಿಗೆ ಪಿನ್ ಮಾಡಿದರು. "ನಾ ಇದನ್ನ ಮ್ಯಾಲ ಕಳಸಂಗಿಲ್ಲ. ಆದ್ರ ಪತ್ರಾ ಬರದ್ರ ಅದಕ್ಕ ಆಧಾರ ಕಾಲೇಜಿನಾಗ ಇರಬೇಕು. ಪುಸ್ತಕಾ ಇಲ್ಲೇ ಇರ್ತದ," ಎಂದರು. ನೀಲಾಂಬಿಕಾ ಅಳುತ್ತಿದ್ದಳು. ಸಾವಕ್ಕ ಅಳಲಿಲ್ಲ, ಬಸ್ಸಿನ ವೇಳೆ ಕೇಳಿದಳು.

ಪತ್ರ ಹೋಯಿತು, ಒಪ್ಪಿಗೆ ಬಂತು. ಜೂನ್ ಹದಿಮೂರಕ್ಕೆ, ನಲವತ್ತು ತುಂಬಲು ಒಂಬತ್ತು ದಿನ ಇರುವಾಗ, ಆ ದೇಶದ ಕರೆ ಬಂತು. ಇದೆಲ್ಲ ನನಗೆ ತಿಳಿದದ್ದು ಸಾವಕ್ಕನಿಂದ. ಮರುವರ್ಷ ಒಮ್ಮೆ ಅವಳು ಕಾಲೇಜಿಗೆ ಬಂದು ಪ್ರಿನ್ಸಿಪಾಲರಿಗೆ ಹೇಳುತ್ತಿದ್ದಳು. ಅಕ್ಕಾರು ಗೋಧಿ ಬೆಳೆಯುವ ಒಂದು ಸಣ್ಣ ಊರಿನಲ್ಲಿದ್ದಾರಂತೆ. ಅಲ್ಲಿಯ ಹುಡುಗರ ಇಂಗ್ಲಿಷು ಅವರಿಗೆ, ಅವರ ಇಂಗ್ಲಿಷು ಹುಡುಗರಿಗೆ ಇನ್ನೂ ಅರ್ಧಂಬರ್ಧವಂತೆ. ಆದರೆ ಈ ಜೂನ್‌ನಲ್ಲಿ ಯಾರೂ ಅರ್ಜಿ ಬರೆಸಿಕೊಳ್ಳಲಿಲ್ಲವಂತೆ. ಹೊರಡುವಾಗ ಮೆಲ್ಲಗೆ, "ಆ ಪುಸ್ತಕಾ ವಾಪಸ್ ಸಿಗತದೇನ್ರಿ ಸರ್?" ಎಂದಳು. ಅವರು ತಲೆ ತಗ್ಗಿಸಿ, "ದಾಖಲೆ ಆಗೇದವ್ವಾ, ಬರಂಗಿಲ್ಲ," ಎಂದರು.

ಈಗ ನಾನು ಕಾಲೇಜಿನ ಮರದ ಕಪಾಟಿನ ಕೆಳಗಿನ ಖಾನೆಯಲ್ಲಿದ್ದೇನೆ. ಪಕ್ಕದಲ್ಲಿ ಒಡೆದ ಗ್ಲೋಬು. ಆ ಪ್ರಿನ್ಸಿಪಾಲರು ನಿವೃತ್ತರಾದರು. ಹೊಸಬರು ಬಹಳ ಶಿಸ್ತಿನವರು. ಮುಂದಿನ ತಿಂಗಳು ತಪಾಸಣೆಯ ತಂಡ ಬರುತ್ತದಂತೆ. ಹಳೆಯ ದಾಖಲೆಗಳನ್ನೆಲ್ಲ ತೆರೆದು, ಓದಿ, ಪಟ್ಟಿ ಮಾಡಲು ಗುಮಾಸ್ತರಿಗೆ ಹೇಳಿದ್ದಾರೆ. ಮೇಲಿನ ಎರಡು ಖಾನೆ ಮುಗಿದಿವೆ. ಒಬ್ಬ ಹೆಂಗಸಿಗೆ ದಾರಿ ಮಾಡಿಕೊಟ್ಟ ಹಾಳೆಯೇ ಇನ್ನೊಬ್ಬಳ ಅನ್ನ ಕಿತ್ತುಕೊಳ್ಳಬಹುದು, ಆ ಹಾಳೆಯನ್ನು ಬೆನ್ನಿಗೆ ಕಟ್ಟಿಕೊಂಡು ಕೂತಿರುವವನು ನಾನು. ನನಗೆ ಭಯವಾಗುತ್ತದೆ.

ನಾಲ್ಕು ದಿನದಿಂದ ಕಪಾಟಿನ ಮೂಲೆಯಲ್ಲಿ ಸಣ್ಣ ಸದ್ದು ಕೇಳುತ್ತಿದೆ. ಗೆದ್ದಲು. ಗ್ಲೋಬಿನ ಮರದ ಕಾಲನ್ನು ಆಗಲೇ ಹಿಡಿದಿದೆ, ಇನ್ನು ನನ್ನ ಸರದಿ. ಯಾವ ಪುಸ್ತಕವೂ ಬೇಡಿಕೊಳ್ಳದ್ದನ್ನು ನಾನು ಬೇಡಿಕೊಳ್ಳುತ್ತಿದ್ದೇನೆ. ಬೇಗ ಬಾ. ಮೊದಲು ಹಿಂದಿನ ರಟ್ಟಿಗೆ ಪಿನ್ ಮಾಡಿದ ಆ ಹಾಳೆಯನ್ನು ತಿನ್ನು. ಆಮೇಲೆ ಬೇಕಾದರೆ ನನ್ನನ್ನು ತಿನ್ನು.