ಲಿಂಗಮ್ಮನಿಗೆ ಕಂಡ ಬಣ್ಣ

ಈ ಕಥೆ ಹೇಳುವಷ್ಟು ತಿಳಿವಳಿಕೆ ನಮಗಿದೆಯೇ ಎಂಬ ಅಳುಕಿನಿಂದಲೇ ಶುರು ಮಾಡುತ್ತಿದ್ದೇವೆ. ಸಂಜೆ ಶಾಲೆಯಲ್ಲಿ ಕಲಿತ ಅಕ್ಷರ, ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಯಾರಿಗೂ ನೋವಾಗಬಾರದೆಂದು ಊರಿನ ಹೆಸರು ಬರೆದಿಲ್ಲ. ಶಿವನಿ ರೈಲ್ವೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ ಎಂದು ತಿಳಿದರೆ ಸಾಕು.

ಆ ಊರಿನ ಹೆಂಗಸರು ಕುಡಿಯುವ ನೀರಿಗೆ ಮುಕ್ಕಾಲು ಮೈಲಿ ನಡೆಯುತ್ತಿದ್ದರು. ಊರಾಚೆಯ ಹಳೇ ಬಾವಿಯೇ ಗತಿ. ಹೋದ ವರ್ಷ ನಂಜುಂಡಪ್ಪ ತನ್ನ ತೆಂಗಿನ ತೋಟದ ಮೂಲೆಯಲ್ಲಿ ಬೋರ್‌ವೆಲ್ ಕೊರೆಯಲು ಜಾಗ ಬಿಟ್ಟುಕೊಟ್ಟ. ನೀರು ಬಿತ್ತು. ಪಕ್ಕದಲ್ಲೇ ಟ್ಯಾಂಕು ಎದ್ದಿತು. ಅದರ ಮೇಲೆ ನಂಜುಂಡಪ್ಪನ ಅಪ್ಪನ ಹೆಸರನ್ನು ನೀಲಿ ಬಣ್ಣದಲ್ಲಿ ಬರೆಸಿದರು. ನಂಜುಂಡಪ್ಪ ದಿನಕ್ಕೆರಡು ಸಲ ಹೋಗಿ ಆ ಹೆಸರು ಓದಿಕೊಂಡು ಬರುತ್ತಿದ್ದ.

ನಲ್ಲಿ ತಿರುಗಿಸುವ ಮುಂಚೆ ಒಂದು ಕೆಲಸ ಬಾಕಿ ಇತ್ತು. ನೀರಿನ ಪರೀಕ್ಷೆ. ಅದಕ್ಕೆಂದೇ ಮಹಿಳಾ ಸಂಘದ ಐದು ಜನರಿಗೆ ತರಬೇತಿ ಕೊಟ್ಟು, ಗಾಜಿನ ಕೊಳವೆ ಮತ್ತು ಔಷಧ ಇರುವ ಪೆಟ್ಟಿಗೆಯೊಂದನ್ನು ಕೊಟ್ಟಿದ್ದರು. ಕೊಳವೆಯ ನೀರಿಗೆ ಔಷಧದ ಹನಿ ಬಿಡಬೇಕು. ಗುಲಾಬಿ ಬಣ್ಣ ಬಂದರೆ ಕುಡಿಯಬಹುದು. ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚಿದೆ ಎಂದರ್ಥ. ಆ ಐವರಲ್ಲಿ ನಂಜುಂಡಪ್ಪನ ಹೆಂಡತಿ ಲಿಂಗಮ್ಮನೂ ಒಬ್ಬಳು.

ಪರೀಕ್ಷೆ ನಡೆದದ್ದು ಬೆಳಿಗ್ಗೆ, ಟ್ಯಾಂಕಿನ ಮುಂದೆ ಹಾಕಿದ್ದ ಚಪ್ಪರದ ಕೆಳಗೆ. ಮಾರನೇ ದಿನವೇ ಪೂಜೆ. ಹನಿ ಬಿಟ್ಟು ಅಲ್ಲಾಡಿಸಿದ ಮೇಲೆ ಕೊಳವೆಯನ್ನು ಮೊದಲು ಕರಿಯಮ್ಮನ ಕೈಗೆ ಕೊಟ್ಟರು. ಐವರಲ್ಲಿ ಅವಳೇ ಹಿರಿಯಳು. ಆ ಊರಲ್ಲಿ ಅರಿಶಿನ ಕುಂಕುಮ ಆಗಲಿ, ಸೀರೆ ಆರಿಸುವುದಾಗಲಿ, ಹಿರಿಯರ ಕೈ ಮುಂದಾದ ಮೇಲೇ ಉಳಿದವರದು. ಕೊಳವೆಗೂ ಅದೇ ಪದ್ಧತಿ ಆಯಿತು.

ಕರಿಯಮ್ಮ ಕೊಳವೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಗುಲಾಬಿ ಕಣ್ರವ್ವಾ," ಎಂದಳು.

"ಹೂಂ, ಗುಲಾಬಿನೇ," ಎಂದಳು ಎರಡನೆಯವಳು. ಮೂರನೆಯವಳೂ ಅದೇ ಅಂದಳು.

ಕೊಳವೆ ಲಿಂಗಮ್ಮನ ಕೈಗೆ ಬಂತು. ಅವಳಿಗೆ ಹಳದಿ ಕಂಡಿತು. ಕಣ್ಣು ಮುಚ್ಚಿ ತೆರೆದಳು. ಮತ್ತೂ ಹಳದಿ, ಹಣ್ಣಾಗುತ್ತಿರುವ ಸೀಬೆಕಾಯಿಯ ಹಾಗೆ. ಮೂರು ಜನರಿಗೆ ಕಂಡದ್ದು ತನಗೆ ಯಾಕೆ ಕಾಣಲಿಲ್ಲ? ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. "ಗುಲಾಬಿ," ಎಂದು ಬಾಯಿಂದ ಬಂದೇ ಹೋಯಿತು. ಐದನೆಯವಳೂ ಗುಲಾಬಿ ಅಂದಳು.

ರಿಜಿಸ್ಟರ್ ಬಂತು. ನಾಲ್ಕು ಸಹಿ ಬಿದ್ದವು. ಲಿಂಗಮ್ಮ ಪೆನ್ನು ಹಿಡಿದಳು. ಬಾಯಿ ಹೇಳಿದ್ದನ್ನು ಕೈ ಬರೆಯಲೊಲ್ಲದು. "ಕೈಯೆಲ್ಲ ಒದ್ದೆ ಆಗೈತೆ, ಸಂಜೆ ಹಾಕ್ತೀನಿ," ಎಂದು ಎದ್ದುಬಿಟ್ಟಳು.

ಮನೆಗೆ ಬಂದವಳು ಅರಿಶಿನದ ಡಬ್ಬಿ ತೆಗೆದು ನೋಡಿದಳು. ಅದು ಹಳದಿಯೇ. ಕುಂಕುಮ ಕೆಂಪೇ. ಮೊಮ್ಮಗಳು ನಿಶ್ಚಿತಾಳ ಬಣ್ಣದ ಪೆನ್ಸಿಲ್ ಒಂದನ್ನು ಎತ್ತಿ, "ಇದ್ಯಾವ ಬಣ್ಣ ಮಗಾ?" ಎಂದು ಕೇಳಿದಳು.

"ಗುಲಾಬಿ. ಅಜ್ಜೀ, ನಿಂಗೆ ಬಣ್ಣನೂ ಬರಲ್ವಾ?" ಎಂದು ಮಗು ನಕ್ಕಿತು. ಮುಂದಿನ ಎರಡು ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸ ಹಲ್ಲಿನ ಅಂಚು ಬೆಳ್ಳಗೆ ಕಂಡಿತು. ತರಬೇತಿಯಲ್ಲಿ ಕೇಳಿದ್ದು ಲಿಂಗಮ್ಮನಿಗೆ ನೆನಪಾಯಿತು. ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಬೆಳೆದರೆ ಮಕ್ಕಳ ಹಲ್ಲಿಗೆ ಕಲೆ ಕೂರುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳೇ ಹಾಳಾಗುತ್ತವೆ. ರುಚಿಯಲ್ಲಿ ಗೊತ್ತಾಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ.

ಊಟದ ಹೊತ್ತಿಗೆ ಗಂಡನ ಮುಂದೆ ಬಾಯಿಬಿಟ್ಟಳು.

"ನಾಕು ಜನಕ್ಕೆ ಗುಲಾಬಿ ಕಂಡಿದ್ದು ನಿನ್ನೊಬ್ಬಳಿಗೆ ಹಳದಿ ಹೆಂಗೆ ಕಾಣ್ತದೆ?" ಎಂದ ನಂಜುಂಡಪ್ಪ.

"ಅದೇ ನಂಗೂ ತಿಳೀತಿಲ್ಲ ಕಣ್ರೀ."

"ಚಪ್ಪರಕ್ಕೆ ಹಳದಿ ಬಟ್ಟೆ ಕಟ್ಟವ್ರೆ. ಅದರ ಬಣ್ಣ ಬಿದ್ದಿರ್ತದೆ."

ಇದ್ದರೂ ಇರಬಹುದು ಎನಿಸಿತು ಅವಳಿಗೆ. ಹಾಗಾದರೆ ಉಳಿದವರಿಗೂ ಹಳದಿ ಕಾಣಬೇಕಿತ್ತಲ್ಲ? ಯೋಚಿಸಿದಷ್ಟೂ ಗೋಜಲಾಯಿತು.

"ಲೇ, ಆ ಟ್ಯಾಂಕಿನ ಮೇಲೆ ನಮ್ಮಪ್ಪನ ಹೆಸರೈತೆ," ಎಂದ ನಂಜುಂಡಪ್ಪ, ತಟ್ಟೆ ಸರಿಸಿ.

"ಅದಕ್ಕೇ ಹೇಳ್ತಿರೋದು," ಎಂದಳು ಅವಳು. ಅವನು ಎದ್ದು ತೋಟಕ್ಕೆ ಹೋದ.

ಸಂಜೆ ರಿಜಿಸ್ಟರ್ ಹಿಡಿದು ತೀರ್ಥಪ್ಪನೇ ಬಂದ. ಪಂಚಾಯ್ತಿ ಮೆಂಬರು, ನಂಜುಂಡಪ್ಪನ ಚಿಕ್ಕಪ್ಪನ ಮಗ.

"ಅತ್ತಿಗೆ, ಕೈ ಒಣಗ್ತಾ?" ಎಂದು ನಗುತ್ತಲೇ ಪೆನ್ನು ಚಾಚಿದ.

"ತೀರ್ಥಪ್ಪ, ನಾಳೆ ಇನ್ನೊಂದ್ಸಲ ನೋಡಾಣ ಅಂತ."

"ನೋಡಿದ್ದಾಯ್ತಲ್ಲ. ನೀವೇ ಗುಲಾಬಿ ಅಂದ್ರಂತೆ."

"ಅಂದೆ. ಯಾಕಂದ್ನೋ ಗೊತ್ತಿಲ್ಲ."

"ಹನ್ನೊಂದು ಗಂಟೆಗೆ ಪೂಜೆ. ಎಲ್ಲರಿಗೂ ಹೇಳಾಗೈತೆ. ನಿಮ್ಮ ಒಂದು ಸಹಿಗೋಸ್ಕರ ಊರ ಹೆಂಗಸ್ರು ಇನ್ನೂ ಬಾವಿಗೆ ಅಲೀಬೇಕಾ? ಹಂಗಾದ್ರೆ ಪೂಜೆ ಇಲ್ಲ ಅಂತ ನೀವೇ ಮನೆಮನೆಗೆ ಹೋಗಿ ಹೇಳ್ಬಿಡಿ, ನನ್ನ ಕೈಲಾಗಲ್ಲ."

ಲಿಂಗಮ್ಮನ ಸೊಂಟವೂ ಆ ಬಾವಿಯ ದಾರಿಯಲ್ಲೇ ಸೋತದ್ದು. ಅವಳಿಗೆ ಅಳು ಬಂದ ಹಾಗಾಯಿತು. "ನಾಳೆ ಬೆಳಿಗ್ಗೆ ಬತ್ತೀನಿ," ಎಂದಷ್ಟೇ ಹೇಳಿದಳು. ತೀರ್ಥಪ್ಪ ರಿಜಿಸ್ಟರ್ ಅಲ್ಲೇ ಇಟ್ಟು ಹೋದ.

ಅವಳು ಆಶಾ ಕಾರ್ಯಕರ್ತೆ ಸಂಗೀತಾಗೆ ಫೋನು ಮಾಡಿದಳು. "ಸಂಗೀತಾ, ನಂಗೆ ಕಂಡಿದ್ದು ಸರಿಯೋ ತಪ್ಪೋ ನಂಗೇ ಗೊತ್ತಿಲ್ಲ. ಹಂಗಿರುವಾಗ ಬ್ಯಾಡ ಅನ್ನೋಕೆ ನಾನ್ಯಾರು?"

"ಲಿಂಗಕ್ಕ, ಸರಿ ಅಂತ ಸಾಬೀತು ಮಾಡೋದು ನಿಮ್ಮ ಕೆಲಸ ಅಲ್ಲ," ಎಂದಳು ಸಂಗೀತಾ. "ಕಂಡಿದ್ದನ್ನ ಹೇಳೋದಷ್ಟೇ ನಿಮ್ಮ ಕೆಲಸ. ಅನುಮಾನ ಇದ್ರೆ ಅನುಮಾನ ಅಂತಾನೇ ಹೇಳಿ. ಐದು ಜನಕ್ಕೆ ಯಾಕೆ ಹೇಳ್ಕೊಟ್ಟಿದ್ದು? ಒಬ್ಬರು ನೋಡಿ ನಾಲ್ಕು ಜನ ಹೂಂ ಅನ್ನೋಕಾ? ಬೆಳಿಗ್ಗೆ ಎಂಟಕ್ಕೆ ನಾನೇ ಬರ್ತೀನಿ."

ಬೆಳಿಗ್ಗೆ ಸಂಗೀತಾ ಬಂದವಳೇ ಪೆಟ್ಟಿಗೆಯನ್ನು ಚಪ್ಪರದಿಂದಾಚೆ, ಬಯಲ ಬೆಳಕಿಗೆ ತರಿಸಿದಳು. ಹೊಸದಾಗಿ ನೀರು ಹಿಡಿದು ಹನಿ ಬಿಟ್ಟರು. ಸಂಗೀತಾ ಐವರ ಕೈಗೂ ಒಂದೊಂದು ಚೀಟಿ ಕೊಟ್ಟಳು. ಒಬ್ಬೊಬ್ಬರೇ ಟ್ಯಾಂಕಿನ ಹಿಂದೆ ಹೋಗಿ ನೋಡಬೇಕು, ಯಾರಿಗೂ ಹೇಳದೆ ಬರೆದು ಮಡಚಬೇಕು. ಚಿಕ್ಕವರು ಮೊದಲು.

"ಇದೇನು ಓಟು ಹಾಕ್ಸೋ ಹಂಗೆ ಮಾಡ್ತೀಯಲ್ಲೇ," ಎಂದು ಕರಿಯಮ್ಮ ಗೊಣಗಿದಳು.

ಚೀಟಿ ಬಿಚ್ಚಿದರು. ಎರಡರಲ್ಲಿ ಹಳದಿ. ಎರಡರಲ್ಲಿ ಗುಲಾಬಿ. ಐದನೆಯದು ಖಾಲಿ.

ಹಳದಿ ಬರೆದ ಇನ್ನೊಬ್ಬಳು ಯಾರೆಂದು ಲಿಂಗಮ್ಮ ಒಬ್ಬೊಬ್ಬರ ಮುಖ ನೋಡಿದಳು, ತಿಳಿಯಲಿಲ್ಲ.

ಕೊನೆಗೆ ಕರಿಯಮ್ಮ ಕೆಮ್ಮಿದಳು. "ಆ ಖಾಲಿ ಚೀಟಿ ನಂದು ಕಣ್ರೇ. ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದೈತೆ. ಕೊಳವೇನೇ ಮಸುಕು, ಇನ್ನು ಬಣ್ಣ ಎಲ್ಲಿಂದ ಕಾಣ್ಬೇಕು?"

"ಮತ್ತೆ ನಿನ್ನೆ ಗುಲಾಬಿ ಅಂದ್ಯಲ್ಲ ದೊಡ್ಡವ್ವ?" ಎಂದಳು ಲಿಂಗಮ್ಮ.

"ನೀವೆಲ್ಲ ನನ್ನ ಬಾಯಿ ನೋಡ್ಕಂಡು ನಿಂತಿದ್ರಿ. ಏನಾದ್ರೂ ಹೇಳ್ಬೇಕಲ್ಲ, ಒಳ್ಳೇ ಬಣ್ಣನೇ ಹೇಳಣ ಅಂತ ಹೇಳ್ದೆ."

ಒಬ್ಬಳು ಕಿಸಕ್ಕೆಂದು ನಕ್ಕಳು. ಆಮೇಲೆ ಎಲ್ಲರೂ ನಕ್ಕರು, ಕರಿಯಮ್ಮನೂ. ತೀರ್ಥಪ್ಪ ಮಾತ್ರ ನಗಲಿಲ್ಲ. "ಈಗೇನು, ಪೂಜೆ ನಿಲ್ಲಿಸ್ಬೇಕಾ?" ಎಂದ.

"ಪೂಜೆ ಮಾಡ್ರಿ," ಎಂದಳು ಸಂಗೀತಾ. "ಬಟ್ಟೆಗೆ, ಪಾತ್ರೆಗೆ ನೀರು ಬಿಡ್ರಿ. ಕುಡಿಯೋಕೆ, ಅಡುಗೆಗೆ ಮಾತ್ರ ಬೇಡ. ಒಂದು ಬಾಟಲಿ ಪ್ರಯೋಗಾಲಯಕ್ಕೆ ಹೋಗ್ಲಿ."

ಲಿಂಗಮ್ಮ ರಿಜಿಸ್ಟರ್ ಬಿಚ್ಚಿದಳು. ಅಂಕುಡೊಂಕಾದ ಅಕ್ಷರದಲ್ಲಿ ಬರೆದಳು: "ನಿನ್ನೆ ಗುಲಾಬಿ ಎಂದು ಹೇಳಿದೆ. ನನಗೆ ಕಂಡದ್ದು ಹಳದಿ. ಗಟ್ಟಿಯಾಗಿ ಗೊತ್ತಿಲ್ಲ. ಇನ್ನೊಮ್ಮೆ ಪರೀಕ್ಷೆ ಆಗಬೇಕು." ಅದರ ಕೆಳಗೆ ಸಹಿ ಹಾಕಿದಳು.

ಇಷ್ಟೂ ಹೊತ್ತು ನಂಜುಂಡಪ್ಪ ತೆಂಗಿನ ಮರಕ್ಕೆ ಒರಗಿ ನಿಂತಿದ್ದ. ಹತ್ತಿರ ಬಂದು ಬರೆದದ್ದನ್ನು ಓದಿದ. ಎರಡು ಸಲ ಓದಿದ. ನಂತರ ಟ್ಯಾಂಕಿನ ಮೇಲೆ ಹೆಸರು ಬರೆದು ಉಳಿದಿದ್ದ ನೀಲಿ ಬಣ್ಣದ ಡಬ್ಬಿ ತಂದು, ಅಪ್ಪನ ಹೆಸರಿನ ಕೆಳಗೆ ತಾನೇ ಬರೆದ: "ವರದಿ ಬರುವ ತನಕ ಕುಡಿಯಬೇಡಿ." ಸಾಲು ಸೊಟ್ಟಗಾಯಿತು.

"ಬಾಟಲಿ ಕೊಡಮ್ಮ," ಎಂದು ಸಂಗೀತಾಳ ಮುಂದೆ ಕೈ ಚಾಚಿದ. "ಕಡೂರಲ್ಲಿ ಬಸ್ ಬದಲಾಯ್ಸಿ ಚಿಕ್ಕಮಗಳೂರಿಗೆ ನಾನೇ ಒಯ್ದು ಕೊಟ್ಟು ಬತ್ತೀನಿ." ಲಿಂಗಮ್ಮನ ಕಡೆ ತಿರುಗಿ, "ಲೇ, ನೀನೂ ಬಾ. ಅವ್ರು ಏನಾದ್ರೂ ಕೇಳಿದ್ರೆ ನೋಡಿದವಳು ನೀನಲ್ವಾ," ಎಂದ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮುಂದೆಯೂ ರಿಜಿಸ್ಟರ್ ಬರುತ್ತದೆ. ನೀರಿನದೋ, ರಸ್ತೆಯದೋ, ಸಭೆಯದೋ. ಎಲ್ಲರೂ ಸಹಿ ಹಾಕಿದ್ದಾರೆ, ನಿಮ್ಮದೊಂದೇ ಬಾಕಿ ಎನ್ನುತ್ತಾರೆ. ಆಗ ಒಂದು ಗಳಿಗೆ ತಡೆಯಿರಿ. ನಿಮ್ಮ ಕಣ್ಣಿಂದಲೇ ನೋಡಿ, ಕಂಡದ್ದನ್ನು ಹೇಳಿ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎನ್ನಿ, ಅದನ್ನೇ ಬರೆಯಿರಿ. ನಿನ್ನೆ ಹೂಂ ಅಂದಿದ್ದರೂ ಇವತ್ತು ತಿದ್ದಿ ಹೇಳಬಹುದು. ಹೆದರಿಕೆಯಾದರೆ ಜೊತೆಗೆ ಒಬ್ಬರನ್ನು ಕರೆಯಿರಿ. ನಿಮ್ಮ ಸಂಘದಲ್ಲಿ ಚಿಕ್ಕವರಿಗೆ ಮೊದಲು ಬಾಯಿ ಬಿಡಲು ಅವಕಾಶ ಕೊಡಿ.

ಇದನ್ನು ಬರೆಯುವ ಹೊತ್ತಿಗೆ ಪ್ರಯೋಗಾಲಯದ ವರದಿ ಬಂದಿಲ್ಲ. ಆ ನೀರಿನ ನಿಜವಾದ ಬಣ್ಣ ಯಾವುದೋ ನಮಗೆ ಗೊತ್ತಿಲ್ಲ. ಹಳದಿ ಎಂದು ಬರೆದ ಇನ್ನೊಬ್ಬಳು ಯಾರು ಎಂಬುದೂ ಗೊತ್ತಿಲ್ಲ. ಅವಳು ಇನ್ನೂ ಹೇಳಿಲ್ಲ.