ಗೋಡೆಯ ಹಳದಿ

ಬಣ್ಣದ ಕಾರ್ಡಿನಲ್ಲಿ ಕೊನೆಗೆ ಎರಡೇ ಚೌಕ ಉಳಿದವು, ಹಳದಿ ಮತ್ತು ನೀಲಿ. ಶ್ರದ್ಧಾ ನೀಲಿಯ ಮೇಲೆ ಬೆರಳಿಟ್ಟಳು. "ಇದನ್ನ ಬಳೀರಿ. ಮಾವನೋರು ಕೇಳಿದ್ರ ಹಳದಿ ಅನ್ರಿ."

"ಹಳದೀನ ಅಂತೇನ್ರಿ. ಮತ್ತೇನನ್ನೂದು?" ಪೇಂಟರ್ ರುದ್ರಮುನಿ ಆಕೆಯ ಮುಖವನ್ನೊಮ್ಮೆ ನೋಡಿ ಡಬ್ಬಿ ತರಲು ಹೋದ.

ಮಾವ ಅಣ್ಣಾಜಿಗೆ ಕಣ್ಣು ಹೋಗಿ ಆರು ವರ್ಷ. ಆದರೂ ತಮ್ಮ ಕೋಣೆಗೆ ಹಳದಿಯೇ ಬೇಕೆಂದು ಹಟ. ತೀರಿಹೋದ ಹೆಂಡತಿ ಗೋದೂಬಾಯಿ ಇದ್ದಾಗ ಗೋಡೆ ಹಾಗೇ ಇತ್ತಂತೆ. ಹಾವೇರಿಯ ಬಿಸಿಲಿಗೆ ಹಳದಿ ಗೋಡೆ ಬೇರೆ ಕೇಡು ಎಂದುಕೊಂಡಳು ಸೊಸೆ. ಅವರಿಗೆ ಹೇಗೂ ಕಾಣುವುದಿಲ್ಲ.

ಬಣ್ಣದ ವಿಷಯದಲ್ಲಿ ಆಕೆಗೆ ಎದುರಾಡುವವರಿರಲಿಲ್ಲ. ಬಜಾರದಲ್ಲಿ ಆಕೆಯದು ಮ್ಯಾಚಿಂಗ್ ಬ್ಲೌಸ್ ಪೀಸಿನ ಅಂಗಡಿ. ಮನೆ ನಡೆಯುತ್ತಿದ್ದದ್ದು ಆ ಕಣ್ಣಿನಿಂದಲೇ. ಈಚೆಗೆ ಇಬ್ಬರು ಬಣ್ಣ ಹೊಂದಲಿಲ್ಲವೆಂದು ಪೀಸು ವಾಪಸು ತಂದಿದ್ದರು. ತಮಗೇನು ಬೇಕೆಂದು ಅವರಿಗೇ ಗೊತ್ತಿಲ್ಲ ಎಂದು ನಕ್ಕಿದ್ದಳು.

ಬಣ್ಣ ಬಳಿಯುವಾಗ ಅಣ್ಣಾಜಿ ಪಡಸಾಲೆಯಲ್ಲಿ ಕೂತು ಹೇಳಿದರು, "ಕಣ್ಣು ಹೋಗೂ ಮುಂದ ನನಗ ಮೊದಲ ಕೈ ಕೊಟ್ಟದ್ದು ಹಳದಿ. ಗೋದೂನ ಸೀರಿ ಎಲ್ಲಾರಿಗೂ ಹಳದಿ, ನನಗೊಬ್ಬಗ ನೀಲಿ. ಜಗಳಾನೂ ಆಡಿದ್ದೆ."

ಶ್ರದ್ಧಾ ಕೇಳಿಯೂ ಕೇಳದಂತೆ ಕೆಲಸದಲ್ಲಿದ್ದಳು.

ಸಂಜೆ ಮನೆಗೆ ಬಂದ ಗಂಡ ತೇಜಸ ಕೋಣೆಯ ಬಾಗಿಲಲ್ಲಿ ನಿಂತು, "ಅಪ್ಪಾ, ಹಳದಿ ಭಾಳ ಚಂದ ಆಗೇದ," ಎಂದ. ಶ್ರದ್ಧಾ ಅವನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ನಿಮಗ್ಯಾರು ಹೇಳಿದ್ರು? ನೀಲಿ ಬಳದು ಹಳದಿ ಅನ್ರಿ ಅಂತ ರುದ್ರಮುನಿಗಷ್ಟ ಹೇಳಿದ್ದೆ."

ತೇಜಸ ನಕ್ಕ. ಆಕೆ ನಗದಿದ್ದುದನ್ನು ಕಂಡು ನಗು ನಿಲ್ಲಿಸಿದ. "ಯಾವ ನೀಲಿ, ಶ್ರದ್ಧಾ?"

ಹಿತ್ತಲಿನಲ್ಲಿ ಖಾಲಿ ಡಬ್ಬಿ ಬಿದ್ದಿತ್ತು. ಮುಚ್ಚಳದ ಮೇಲೆ ಹಳದಿ ಎಂದೇ ಬರೆದಿತ್ತು. ಎರಡು ಸಲ ಓದಿದಳು. ಅಕ್ಷರಗಳ ಸುತ್ತ ಒಣಗಿದ್ದ ಬಣ್ಣ ಆಕೆಗೆ ನೀಲಿಯಾಗಿಯೇ ಕಂಡಿತು. ಬೆರಳಿನಿಂದ ಕೆರೆದಳು, ಒಳಗೂ ನೀಲಿಯೇ. ಆಕೆಗೆ ಹೆದರಿಕೆಯಾಯಿತು. ನಾಳೆ ಅಂಗಡಿ ತೆರೆಯುವುದು ಹೇಗೆ ಎಂಬುದೇ ಮೊದಲು ಹೊಳೆದದ್ದು.

ಒಳಗೆ ಅಣ್ಣಾಜಿ ಗೋಡೆಗೆ ಅಂಗೈ ಹಚ್ಚಿ ನಿಂತಿದ್ದರು. ಅಡಿಗೆಮನೆಯ ಮಾತು ಆ ಕೋಣೆಗೆ ಕೇಳುತ್ತಿತ್ತು. "ಶ್ರದ್ಧಾ, ನಿನಗ ಹೆಂಗ ಕಾಣ್ತದ?"

"ಹಳದಿ, ಮಾವನೋರ."

ಅವರು ತಡಕಾಡಿ ಆಕೆಯ ಕೈ ಹಿಡಿದು, ತಮ್ಮ ಕೈ ಇದ್ದ ಜಾಗದಲ್ಲೇ ಗೋಡೆಗೆ ಹಚ್ಚಿದರು.

"ನೀಲಿ ಕಂಡ್ರೂ ನಾನೂ ಗೋದೂಗ ಕಡೀಕ ಹಂಗ ಅಂದೆ," ಎಂದರು. "ಇಲ್ಲಿಂದ ಬಾಗಲಕ್ಕ ಏಳು ಹೆಜ್ಜಿ. ಎಣಿಸಿಕೊಂಡು ನಡಿ."

ಶ್ರದ್ಧಾ ಗೋಡೆಯಿಂದ ಕೈ ತೆಗೆಯದೆ ಒಂದು ಹೆಜ್ಜೆ ಇಟ್ಟಳು.